ಸಮುದ್ರದಲ್ಲಿ ಅರ್ಧ ಟಿಕೆಟು ಇಲ್ಲ

ಉಮರ್ಗಾದ ನಮ್ಮ ಮನೆಯಲ್ಲಿ ನೀರೆಂದರೆ ಲೆಕ್ಕದ ವಸ್ತು. ನಳ ಬರುವ ದಿನ, ಟ್ಯಾಂಕರ್ ಬರುವ ಹೊತ್ತು, ಹೌದದಲ್ಲಿ ಉಳಿದ ನೀರಿನ ಎತ್ತರ, ಇವೆಲ್ಲ ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗುತ್ತವೆ. 2016ರ ಏಪ್ರಿಲ್ ತಿಂಗಳಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನ ಮೇಲೆ ನೀರು ಬಂದುದನ್ನು ಓದುಗರು ಮರೆತಿರಲಾರರು. ಆಗ ನನ್ನ ಮಗಳು ಮೂರು ವರ್ಷದ ಕೂಸು. ನೀರು ಹುಟ್ಟುವುದೇ ರೈಲು ನಿಲ್ದಾಣದಲ್ಲಿ ಎಂದು ಅವಳು ಬಹಳ ದಿನ ನಂಬಿದ್ದಳು.

ಈಗ ಅವಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೆಯ ತರಗತಿ. ಕಳೆದ ವರ್ಷ ಭೂಗೋಳದ ಪಾಠದಲ್ಲಿ ಉಬ್ಬರ ಮತ್ತು ಇಳಿತಗಳ ವಿಷಯ ಬಂದಾಗ, ‘ಅಪ್ಪಾ, ಸಮುದ್ರ ಎಲ್ಲಿ ಇಳೀತದ? ಇಳಿದ ನೀರು ಯಾರು ಒಯ್ತಾರ?’ ಎಂದು ಕೇಳಿದಳು. ದಿವಾಣಿ ನ್ಯಾಯಾಲಯದಲ್ಲಿ ಇಪ್ಪತ್ತು ವರ್ಷ ವಾದ ಮಾಡಿದ ನಾನು ಸಮರ್ಪಕ ಉತ್ತರ ಕೊಡಲಾಗದೆ ಅವರ ಮುತ್ಯಾನ ಕಡೆಗೆ ನೋಡಿದೆ. ನನ್ನ ತಂದೆಯವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಿಕ್ಷಕರಾಗಿದ್ದವರು. ಆ ಪಾಠವನ್ನು ಎಷ್ಟು ಸಲ ಕಲಿಸಿದ್ದರೋ ಏನೋ. ಅವರು ನಕ್ಕು, ‘ನಾನೂ ನೋಡಿಲ್ಲವ್ವ. ಪುಸ್ತಕದಾಗ ಇದ್ದದ್ದು ಹೇಳೀನಿ’ ಎಂದರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವರು ಹೇಳಿದ ಆ ಮಾತು ನನ್ನನ್ನು ಚುಚ್ಚಿತು. ನಾತಾಳದ ರಜೆಯಲ್ಲಿ ಎಲ್ಲರನ್ನೂ ಸಮುದ್ರಕ್ಕೆ ಕರೆದೊಯ್ಯಬೇಕೆಂದು ಅಂದೇ ನಿಶ್ಚಯಿಸಿದೆ.

ದಂಡೆಯಲ್ಲಿ ನಿಂತು ಕಾಲು ತೋಯಿಸಿಕೊಂಡು ಬರುವುದು ಮಗನಿಗೆ ಸಾಲದಾಯಿತು. ಅವನು ಎಲ್ಲೋ ಬಿಳಿಯ ಹಾಯಿಯ ವಿಹಾರನೌಕೆಯ ಚಿತ್ರ ನೋಡಿದ್ದ. ನೌಕೆಯನ್ನೂ ಅದನ್ನು ನಡೆಸುವವರನ್ನೂ ಸೇರಿಸಿ ಇಡೀ ದಿನಕ್ಕೆ ಬಾಡಿಗೆಗೆ ಪಡೆಯಬಹುದಂತೆ. ನಾನು ವಿಚಾರಿಸಿದೆ. ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರಿನಲ್ಲಿಯೂ ಗೋವೆಯಲ್ಲಿಯೂ ಅಂಥ ಹಾಯಿನೌಕೆಗಳು ಸಿಗುತ್ತವೆ. ಆದರೆ ಅವುಗಳ ಬಾಡಿಗೆ ತಾಲೂಕು ಕೋರ್ಟಿನ ವಕೀಲನ ಜೇಬಿಗೆ ಹೊಂದುವಂಥದಾಗಿರಲಿಲ್ಲ. ಇನ್ನೊಂದು ಆಸೆಯೂ ನನಗಿತ್ತು. ಮನೆಯಲ್ಲಿ ಮತ್ತು ಶಾಲೆಯಲ್ಲಿ ಮಾತ್ರ ಕನ್ನಡ ಕೇಳುವ ನಮ್ಮ ಮಕ್ಕಳು, ಸಮುದ್ರದ ಮಾತನ್ನು ಒಬ್ಬ ನಾವಿಕನ ಬಾಯಿಂದ ಕನ್ನಡದಲ್ಲಿಯೇ ಕೇಳಲಿ ಎಂದು. ಹಾಗಾಗಿ ಕಾರವಾರ ಗೊತ್ತಾಯಿತು. ಹಾಯಿ ಇಲ್ಲದಿದ್ದರೂ ಸರಿ, ತಂಡೇಲನೂ ಖಲಾಸಿಯೂ ಇರುವ ಯಂತ್ರದ ದೋಣಿಯೊಂದನ್ನು ಪರಿಚಯದವರ ಮೂಲಕ ಒಂದು ದಿನಕ್ಕೆ ಗೊತ್ತು ಮಾಡಿಸಿದೆ.

ನಮ್ಮ ಭಾಗದಿಂದ ಕಾರವಾರಕ್ಕೆ ದಾರಿ ನಾವು ತಿಳಿದುಕೊಂಡಷ್ಟು ತೊಡಕಿನದಲ್ಲ. ಧಾರಾಶಿವ, ತುಳಜಾಪುರಗಳ ಮೇಲಿಂದ ಸೊಲ್ಲಾಪುರಕ್ಕೆ ಇಳಿಯುವ 52ನೆಯ ರಾಷ್ಟ್ರೀಯ ಹೆದ್ದಾರಿಯೇ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯಲ್ಲಿ ಸಮುದ್ರದ ಮಗ್ಗುಲಲ್ಲಿ ಮುಗಿಯುತ್ತದೆ. ಅಂಬಾಭವಾನಿಯ ದರ್ಶನಕ್ಕೆಂದು ನಾವು ವರ್ಷಕ್ಕೆ ನಾಲ್ಕು ಸಲ ಹಿಡಿಯುವ ದಾರಿಯ ಇನ್ನೊಂದು ತುದಿ ಕಡಲು ಎಂಬುದು ನಲವತ್ತನಾಲ್ಕು ವರ್ಷ ನನಗೆ ಹೊಳೆದೇ ಇರಲಿಲ್ಲ. ಇತಿಹಾಸದಲ್ಲಿಯೂ ನಮಗೂ ಕಾರವಾರಕ್ಕೂ ಒಂದು ವಿಚಿತ್ರ ಸಂಬಂಧವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಬಂದವು. ಅದೇ ದಿನ ಮುಂಬಯಿ ರಾಜ್ಯದಲ್ಲಿದ್ದ ಕಾರವಾರವು ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಒಳಗೆ ಬರುವಾಗ ಅವರು ಹೊರಗೆ ಹೋದರು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಗಡಿ ದಾವೆಯಲ್ಲಿ ಕಾರವಾರದ ಹೆಸರೂ ಇದೆ. ಅದು ಕಾಗದಪತ್ರಗಳ ಮಾತು. ನಾವು ಹೋದದ್ದು ನೀರು ನೋಡಲು.

ನಮ್ಮ ತಂಡದಲ್ಲಿ ಹತ್ತು ಜನ. ನಾನು, ನನ್ನ ಪತ್ನಿ, ತಂದೆಯವರು, ಇಬ್ಬರು ಮಕ್ಕಳು. ನಿಲಂಗಾದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಉದಗೀರದ ನನ್ನ ಶಿಕ್ಷಕ ಮಿತ್ರರು. ದೋಣಿಯ ಮಿತಿಯೂ ಹತ್ತೇ. ವಕೀಲನ ಚಾಳಿ ಬಿಡಲಿಲ್ಲವಾಗಿ ನಾನು ಹೊರಡುವ ಮುನ್ನ ನನ್ನ ಲೆಟರ್‌ಹೆಡ್ಡಿನ ಮೇಲೆ ಹನ್ನೆರಡು ಕಲಮುಗಳ ಒಂದು ಕರಾರುಪತ್ರ ಟೈಪು ಮಾಡಿಸಿದೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಡೀಸೆಲ್ ಯಾರದು, ಹವೆ ಕೆಟ್ಟರೆ ಹಣ ಮರಳಿಸುವ ಬಗೆ ಹೇಗೆ, ಎಲ್ಲವೂ ಅದರಲ್ಲಿತ್ತು. ಏಳನೆಯ ಕಲಮು ಹೀಗಿತ್ತು: ಪ್ರಯಾಣಿಕರ ಸಂಖ್ಯೆ ಯಾವ ಕಾರಣಕ್ಕೂ ಹತ್ತನ್ನು ಮೀರತಕ್ಕದ್ದಲ್ಲ. ದೋಣಿಯವನು ಹೆಚ್ಚಿನ ಆಸೆಗೆ ಬೇರೆ ಜನರನ್ನು ತುಂಬಬಾರದೆಂದು ನಾನೇ ಯೋಚಿಸಿ ಬರೆಸಿದ ಕಲಮು ಅದು.

ಹೊರಡುವ ಹಿಂದಿನ ರಾತ್ರಿ ಭಾವನ ತಮ್ಮನ ಕುಟುಂಬವೂ ಬರುವುದಾಗಿ ತಿಳಿಯಿತು. ಗಂಡ, ಹೆಂಡತಿ, ಐದು ತುಂಬದ ಎರಡು ಮಕ್ಕಳು. ಬೀಗರ ಕಡೆಯವರು, ಬೇಡವೆನ್ನುವುದು ಹೇಗೆ? ‘ಬರಲಿ, ಹೊಂದಿಸೋಣ’ ಎಂದೆ. ಕಾರವಾರಕ್ಕೆ ಫೋನು ಮಾಡಿ ಹೇಳಲಿಲ್ಲ. ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ.

ಕಾರವಾರ ತಲಪಿದ ರಾತ್ರಿ ವಸತಿಗೃಹದ ಜಗಲಿಯಲ್ಲಿ ಉದಗೀರದ ಮೇಷ್ಟರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳಿದ ಸಂಗತಿಗಳನ್ನು ಇಲ್ಲಿ ಬರೆಯದಿರಲಾರೆ. ರವೀಂದ್ರನಾಥ ಠಾಕೂರರು ಇಪ್ಪತ್ತರ ಆಸುಪಾಸಿನ ತರುಣರಾಗಿದ್ದಾಗ ಈ ಊರಿನಲ್ಲಿ ಕೆಲಕಾಲ ಇದ್ದರು. ಅವರ ಅಣ್ಣ, ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ಅವರೆಲ್ಲ ದೋಣಿಯಲ್ಲಿ ಕಾಳಿ ನದಿಯ ಮೇಲೆ ಸಾಗಿ, ಶಿವಾಜಿಯ ಕಾಲದ ಕೋಟೆಯೊಂದನ್ನು ನೋಡಿ, ಪ್ರವಾಹದ ಜೊತೆ ತೇಲುತ್ತ ಮರಳಿದ್ದನ್ನು ಕವಿ ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದೂ ಇಲ್ಲಿಯೇ. ಊರಿನ ಕಡಲತೀರಕ್ಕೆ ಇಂದಿಗೂ ಅವರ ಹೆಸರಿದೆ. ಒಬ್ಬ ನ್ಯಾಯಾಧೀಶರ ಕುಟುಂಬದ ದೋಣಿವಿಹಾರ ಸಾಹಿತ್ಯವಾಯಿತೆಂದು ಕೇಳಿ, ವಕೀಲನ ಕುಟುಂಬದ ನಾನೂ ಉಬ್ಬಿದೆ.

ಅನಂತರ ಮೇಷ್ಟರು ಮಕ್ಕಳನ್ನು ಕೇಳಿದರು: ‘ನಮ್ಮ ಮರಾಠವಾಡಾಕ್ಕೂ ಹಡಗಿಗೂ ಏನು ಸಂಬಂಧ?’ ಯಾರೂ ಬಾಯಿ ಬಿಡಲಿಲ್ಲ. ಧಾರಾಶಿವದ ಹತ್ತಿರದ ತೇರ್ ಎಂಬ ಊರು ಹಿಂದೆ ತಗರವೆಂಬ ದೊಡ್ಡ ಪೇಟೆಯಾಗಿತ್ತು. ಅಲ್ಲಿಯ ಸರಕು ಬಂಡಿಗಳಲ್ಲಿ ಭರೂಚದ ಬಂದರಿಗೆ ಹೋಗುತ್ತಿತ್ತೆಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ಸಮುದ್ರಯಾನದ ಕೈಪಿಡಿ ಹೇಳುತ್ತದೆ. ಅಜಂತೆಯ ಗುಹೆಯ ಗೋಡೆಯ ಮೇಲೆ ಮೂರು ಹಾಯಿಗಳ ಒಂದು ಹಡಗಿನ ಚಿತ್ರವಿದೆ. ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು, ಹಲಗೆಗಳಿಗೆ ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ನಮ್ಮ ಕಾಲದಲ್ಲಿಯೇ ಒಂದು ಹಾಯಿಹಡಗನ್ನು ಕಟ್ಟಿದ್ದಾರೆ. 2025ರ ಮೇ 21ರಂದು ಇದೇ ಕಾರವಾರದ ನೌಕಾನೆಲೆಯಲ್ಲಿ ಅದು ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಯನ್ನು ಸೇರಿತು. ನಮ್ಮ ಒಣ ಗುಡ್ಡದ ಗೋಡೆಯ ಮೇಲೆ ಹದಿನೈದು ಶತಮಾನ ಕಾದಿದ್ದ ಹಡಗು ಕೊನೆಗೂ ನೀರಿಗಿಳಿಯಿತು ಎಂದು ಮೇಷ್ಟರು ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ದಕ್ಕೆಯಲ್ಲಿ ಹಾಜರಾದೆವು. ತಂಡೇಲ ಅರವತ್ತು ದಾಟಿದವನು, ತೆಳ್ಳಗಿನ ಮೈ, ತಲೆಗೆ ಟವೆಲು ಸುತ್ತಿದ್ದ. ಖಲಾಸಿ ಅವನ ಮಗ. ನನ್ನ ಕರಾರುಪತ್ರವನ್ನು ಅವನು ಎರಡೂ ಕೈಯಲ್ಲಿ ಹಿಡಿದು ಓದಿದ, ಮಡಚಿ ಅಂಗಿಯ ಜೇಬಿಗಿಟ್ಟ, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆರಳು ಮಡಚಿ ಎಣಿಸಿದ.

‘ಹದಿನಾಲ್ಕು ಜನ ಇದ್ದೀರಿ.’

ನಾನು ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದೆ. ‘ತಂಡೇಲರೇ, ದೊಡ್ಡವರು ಎಂಟೇ. ಉಳಿದವರು ಮಕ್ಕಳು. ನಮ್ಮ ಎಸ್.ಟಿ. ಬಸ್ಸಿನಲ್ಲಿ ಐದರ ಒಳಗಿನವರಿಗೆ ಟಿಕೆಟ್ಟೇ ಇಲ್ಲ, ಹನ್ನೆರಡರ ವರೆಗೆ ಅರ್ಧ. ಇಬ್ಬರು ಲೆಕ್ಕಕ್ಕೇ ಇಲ್ಲ, ನಾಲ್ವರು ಅರ್ಧರ್ಧ ಅಂದರೆ ಇಬ್ಬರು. ಒಟ್ಟು ಹತ್ತೇ ಆಯಿತು.’

ಭಾವ ಮೆಚ್ಚುಗೆಯಿಂದ ತಲೆಯಾಡಿಸಿದರು. ತಂಡೇಲ ನಗಲಿಲ್ಲ.

‘ಸಮುದ್ರದಲ್ಲಿ ಅರ್ಧ ಟಿಕೆಟು ಇಲ್ಲ, ಸಾಹೇಬ್ರೇ. ಮುಳುಗುವಾಗ ಎಲ್ಲರೂ ಪೂರ್ತಿಯೇ ಮುಳುಗೋದು.’

ಅಷ್ಟಕ್ಕೇ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೆಚ್ಚಿನ ಹಣ ಕೊಡುತ್ತೇನೆ ಎಂದೆ. ನೀರು ಕನ್ನಡಿಯಂತೆ ಇದೆಯಲ್ಲ ಎಂದೆ. ಚಿಕ್ಕವರನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದೆ. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ‘ದೋಣಿ ಇವತ್ತು ನಮ್ಮದು, ಬಾಡಿಗೆ ಕೊಟ್ಟಿದ್ದೇವೆ’ ಎಂದೂ ಅಂದೆ. ಅವನು ದೋಣಿಯ ಪಕ್ಕೆಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ತೋರಿಸಿದ. ‘ಹತ್ತು ನಿಮಗೆ, ಎರಡು ನಮಗೆ. ಇನ್ನು ನಾಲ್ಕು ಜನಕ್ಕೆ ನಿಮ್ಮ ಹಣ ತೊಡಿಸಲಿಕ್ಕೆ ಆಗ್ತದಾ?’ ಎಂದು ಕೇಳಿದ. ದನಿ ಏರಿಸಲಿಲ್ಲ. ಆಮೇಲೆ ಜೇಬಿನಿಂದ ನನ್ನದೇ ಕಾಗದ ತೆಗೆದು, ಬಿಡಿಸಿ, ಏಳನೆಯ ಕಲಮಿನ ಮೇಲೆ ಬೆರಳಿಟ್ಟ.

ಪ್ರತಿಪಕ್ಷದ ಸಾಕ್ಷಿಯ ಬಾಯಿಂದ ನನ್ನ ದಾಖಲೆಯೇ ನನ್ನ ವಿರುದ್ಧ ಓದಲ್ಪಟ್ಟ ಪ್ರಸಂಗ ಇಪ್ಪತ್ತು ವರ್ಷದಲ್ಲಿ ಅದೊಂದೇ. ಭಾವನ ತಮ್ಮ ಮುಖ ಕೆಂಪಗೆ ಮಾಡಿಕೊಂಡು, ‘ನಾವು ಬರಬಾರದಿತ್ತು, ಮರಳಿ ಹೋಗತೀವಿ’ ಎಂದರು. ಅಕ್ಕನ ಕಣ್ಣಲ್ಲಿ ನೀರು. ಆಗ ತಂದೆಯವರು ಮುಂದೆ ಬಂದು, ‘ಯಾರೂ ಹೋಗೂದು ಬ್ಯಾಡ. ಅವರು ಹೇಳೂದು ಖರೇ ಅದ. ನಾ ದಂಡಿ ಮ್ಯಾಲ ಕೂಡತೀನಿ’ ಎಂದರು. ಯಾರ ಸಲುವಾಗಿ ಈ ಪ್ರವಾಸವೋ ಅವರೇ ತಮ್ಮ ಜಾಗ ಬಿಡಲು ಮುಂದಾದಾಗ ನನ್ನ ವಾದವೆಲ್ಲ ಬಿದ್ದುಹೋಯಿತು.

ದಾರಿ ತೋರಿಸಿದವನು ತಂಡೇಲನೇ. ಇಡೀ ದಿನದ ಒಂದು ಪ್ರಯಾಣದ ಬದಲು ಅರ್ಧ ದಿನದ ಎರಡು. ಒಂದೊಂದಕ್ಕೆ ಏಳು ಜನ. ದೀಪಸ್ತಂಭವಿರುವ ದೇವಗಡ ದ್ವೀಪದವರೆಗೆ ಹೋಗುವುದಾಗದು, ಕೂರ್ಮಗಡದ ಸುತ್ತ ಒಂದು ಸುತ್ತು. ಬೆಳಗಿನ ಹೊತ್ತು ಗಾಳಿ ನೆಲದಿಂದ ನೀರಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ಕಡಲು ತಣ್ಣಗಿರುತ್ತದೆ. ಆದ್ದರಿಂದ ಮುದುಕರೂ ಕೂಸುಗಳೂ ಮೊದಲು. ನೆಲ ಕಾದ ಮೇಲೆ ಮಧ್ಯಾಹ್ನ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ಅಲೆ ಏಳುತ್ತದೆ, ಗಟ್ಟಿಗರು ಆಗ. ತಂದೆಯವರು, ನನ್ನ ಪತ್ನಿ, ಮೇಷ್ಟರು, ಭಾವನ ತಮ್ಮನ ಮನೆಯ ನಾಲ್ವರು ಹತ್ತಿದರು. ಪ್ರತಿಯೊಬ್ಬರ ಜಾಕೆಟ್ಟಿನ ಪಟ್ಟಿಯನ್ನೂ ಖಲಾಸಿ ತಾನೇ ಬಿಗಿದ. ಕೂಸುಗಳಿಗೆ ಚಿಕ್ಕ ಅಳತೆಯವನ್ನು ತೊಡಿಸಿ, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದ. ದೊಡ್ಡವರ ಜಾಕೆಟ್ಟು ಚಿಕ್ಕವರಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ ಎಂದ.

ದಂಡೆಯ ಮೇಲೆ ಉಳಿದ ನನಗೆ ನಾಲ್ಕು ಗಂಟೆಯ ಬಿಡುವು ಸಿಕ್ಕಿತು. ಎಲ್‌ಎಲ್‌ಬಿಯಲ್ಲಿ ಪರೀಕ್ಷೆಗೆಂದು ಒಮ್ಮೆ ಓದಿ ಮರೆತಿದ್ದ ಒಂದು ಭೇದ ಆಗ ನೆನಪಿಗೆ ಬಂತು. ಹಡಗನ್ನು ಬಾಡಿಗೆಗೆ ಪಡೆಯುವುದರಲ್ಲಿ ಎರಡು ಬಗೆ. ಬರಿಯ ಹಡಗನ್ನು ಪಡೆದು ನಮ್ಮದೇ ನಾವಿಕರನ್ನು ಇಟ್ಟುಕೊಂಡರೆ ಅದರ ಸ್ವಾಧೀನವೂ ಹೊಣೆಯೂ ಆ ಅವಧಿಗೆ ನಮ್ಮದಾಗುತ್ತವೆ. ನಾವಿಕರ ಸಮೇತ ಪಡೆದರೆ ಹಾಗಲ್ಲ. ಎಲ್ಲಿಗೆ ಹೋಗಬೇಕೆಂದು ನಾವು ಹೇಳಬಹುದು. ಹೇಗೆ ಹೋಗಬೇಕು, ಹೋಗಬಹುದೇ ಬಾರದೇ, ಎಷ್ಟು ಭಾರ ಹೊರಬಹುದು ಎಂಬ ಅಧಿಕಾರ ಮಾಲೀಕನ ಪರವಾಗಿ ನಾಯಕನಲ್ಲಿಯೇ ಉಳಿಯುತ್ತದೆ. ನಾನು ಕೊಟ್ಟ ಹಣ ದೋಣಿಯನ್ನು ನನ್ನದಾಗಿಸಿರಲಿಲ್ಲ. ಆ ಮುದುಕನ ತೀರ್ಮಾನಶಕ್ತಿಯನ್ನು ಅರ್ಧ ದಿನ ನನ್ನ ಮಕ್ಕಳಿಗಾಗಿ ಎರವಲು ಪಡೆದಿತ್ತು, ಅಷ್ಟೆ. ನನ್ನ ಕಚೇರಿಯಲ್ಲಿಯೂ ನಡೆಯುವುದು ಇದೇ ಅಲ್ಲವೇ? ವಕಾಲತ್ತಿಗೆ ಸಹಿ ಹಾಕಿದ ಪಕ್ಷಕಾರ ‘ಫೀ ಕೊಟ್ಟೀನಿ, ಸುಳ್ಳು ಸಾಕ್ಷಿ ಹಾಕ್ರಿ’ ಎಂದರೆ ನಾನು ಒಪ್ಪುತ್ತೇನೆಯೇ? ಇಲ್ಲಿ ನಾನೇ ಅಂಥ ಪಕ್ಷಕಾರನಾಗಿದ್ದೆ.

ಕಾಯಿದೆ ಇಲ್ಲವೆಂದಲ್ಲ. ಒಳನಾಡು ನೌಕೆಗಳಿಗೆ 1917ರಿಂದ ಇದ್ದ ಹಳೆಯ ಕಾಯಿದೆಯನ್ನು ತೆಗೆದು 2021ರಲ್ಲಿ ಹೊಸದನ್ನು ತಂದಿದ್ದಾರೆ. ನೋಂದಣಿ, ತಪಾಸಣೆಯ ಪ್ರಮಾಣಪತ್ರ, ಜೀವರಕ್ಷಕ ಸಾಮಗ್ರಿ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಆದರೂ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ತುಂಬಿದ್ದ ವಿಹಾರದೋಣಿ ಮಗುಚಿ 22 ಜನ ಸತ್ತರು. ಅಂಥ ಕಡೆಯಲ್ಲಿ ಕಾಯಿದೆ ಪುಸ್ತಕದಲ್ಲಿ ಇರುತ್ತದೆ, ದಕ್ಕೆಯ ಮೇಲೆ ಇರುವುದು ಒಬ್ಬ ಮನುಷ್ಯ ಮಾತ್ರ. ಅವನು ‘ಆಗದು’ ಎನ್ನಬೇಕು. ನಾವು ಕೇಳಬೇಕು.

ಹನ್ನೊಂದರ ಹೊತ್ತಿಗೆ ಮೊದಲ ತಂಡ ಮರಳಿತು. ಅವರಿಗೆ ಡಾಲ್ಫಿನ್ನುಗಳು ಕಂಡಿದ್ದವು. ಭಾವನ ತಮ್ಮನ ಮುಖದ ಬಿಗುವೆಲ್ಲ ಹೋಗಿ, ಅವರು ತಂಡೇಲನ ಕೈಹಿಡಿದು ಇಳಿದರು. ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ನಾಲಗೆಯಿಂದ ತುಟಿ ಸವರಿಕೊಂಡು ಮೊಮ್ಮಗಳಿಗೆ, ‘ಪುಸ್ತಕದಾಗ ಉಪ್ಪು ಅಂತ ಬರದಿರ್ತದ. ಗಾಳಿಯೂ ಉಪ್ಪು ಇರ್ತದಂತ ಬರದಿಲ್ಲ ನೋಡು’ ಎಂದರು.

ನಮ್ಮ ಸರದಿ ಬಂದುದು ಎರಡರ ಮೇಲೆ. ಕಾಳಿ ನದಿ ಹುಟ್ಟುವುದೂ ಕಡಲು ಸೇರುವುದೂ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ. ಉದ್ದ 184 ಕಿಲೋಮೀಟರು. ಅದು ಸಮುದ್ರಕ್ಕೆ ಕೂಡುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ನಮ್ಮ ಮಾಂಜರಾ, ತೇರಣಾ ನದಿಗಳಿಗೆ ಅಳಿವೆ ಇಲ್ಲವಾದ್ದರಿಂದ ನಮ್ಮ ಮಕ್ಕಳಿಗೆ ಆ ಶಬ್ದವೂ ಹೊಸದು. ಚುಕ್ಕಾಣಿಗೆ ಮರಾಠಿಯಲ್ಲಿ ಸುಕಾಣೂ ಎನ್ನುತ್ತೇವೆಂದು ಮಗ ಹೇಳಿದರೆ, ತಂಡೇಲ ಕೊಂಕಣಿಯ ಮಾತು ಹೇಳಿದ. ಅವನ ಮನೆಮಾತು ಕೊಂಕಣಿ. ಮೊಮ್ಮಗಳು ಓದುವುದು ಕನ್ನಡ ಶಾಲೆಯಲ್ಲಿ. ‘ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು. ಮಕ್ಕಳಿಗೆ ಅದು ಭಾರ ಆಗೋದಿಲ್ಲ, ದೊಡ್ಡವರಿಗೇ ಚಿಂತೆ’ ಎಂದ. ನಮ್ಮ ಮನೆಯ ಮಾತನ್ನೇ ಅವನು ಆಡಿದಂತಿತ್ತು. ಮಗಳು ಉಬ್ಬರ ಇಳಿತಗಳ ಪ್ರಶ್ನೆಯನ್ನು ಅವನ ಮುಂದೆಯೂ ಇಟ್ಟಳು. ಅವನು ದಂಡೆಯ ಕಲ್ಲಿನ ಮೇಲಿನ ಒದ್ದೆ ಗೆರೆ ತೋರಿಸಿ, ಹುಣ್ಣಿಮೆ ಅಮಾವಾಸ್ಯೆಗಳಿಗೆ ಅದು ಎಲ್ಲಿಗೆ ಏರುತ್ತದೆ, ಅಷ್ಟಮಿಗೆ ಎಷ್ಟಕ್ಕೇ ನಿಲ್ಲುತ್ತದೆ ಎಂದು ವಿವರಿಸಿದ. ಪಂಚಾಂಗ ನೋಡುವುದು ನಮ್ಮ ಮನೆಯಲ್ಲಿ ಉಪವಾಸಕ್ಕೆ. ಅವನ ಮನೆಯಲ್ಲಿ ನೀರಿಗೆ.

ಅಳಿವೆ ದಾಟುವಾಗ ಗಾಳಿ ತಿರುಗಿತ್ತು. ಹೊರಗೆ ಹೋಗುವ ನದಿಯ ಸೆಳವಿಗೆ ಒಳಗೆ ಬರುವ ಅಲೆ ಎದುರಾಗಿ, ನೀರು ಒಂದೇ ಕಡೆ ಕುದಿಯುವಂತೆ ಏಳುತ್ತಿತ್ತು. ದೋಣಿಯ ಮೂತಿ ಮೇಲೆದ್ದು ಕೆಳಗೆ ಬಿತ್ತು. ಮುಖಕ್ಕೆ ನೀರು ರಾಚಿತು. ಅಕ್ಕನ ಕಿರಿಯವನು ಚೀರಿದ. ನನ್ನ ಎರಡೂ ಕೈ ಇಬ್ಬರು ಮಕ್ಕಳ ಜಾಕೆಟ್ಟಿನ ಪಟ್ಟಿ ಹಿಡಿದಿದ್ದವು. ದೋಣಿಯ ಅಂಚಿಗೂ ನೀರಿಗೂ ನಡುವೆ ಇದ್ದ ಅಂತರವನ್ನು ನಾನು ನೋಡುತ್ತ ಕುಳಿತೆ. ಏಳು ಜನರಿಗೆ ಅದು ಒಂದೂವರೆ ಗೇಣು. ಇನ್ನೇಳು ಜನ ಕುಳಿತಿದ್ದರೆ ಎಷ್ಟು ಉಳಿಯುತ್ತಿತ್ತು? ಬೆಳಿಗ್ಗೆ ಅಷ್ಟು ಚೊಕ್ಕಟವಾಗಿ ಮಾಡಿದ್ದ ಅರ್ಧ ಟಿಕೆಟ್ಟಿನ ಲೆಕ್ಕ ಈಗ ಹತ್ತಲಿಲ್ಲ. ತಂಡೇಲ ಮಾತ್ರ ಮೂಡುವ ಪ್ರತಿ ಅಲೆಗೂ ಚುಕ್ಕಾಣಿಯನ್ನು ಇಷ್ಟಿಷ್ಟೇ ತಿರುಗಿಸುತ್ತ, ಎಂಜಿನ್ನನ್ನು ತಗ್ಗಿಸಿ ಏರಿಸಿ, ದಾಟಿಸಿಬಿಟ್ಟ.

ಕೂರ್ಮಗಡದ ಹಸಿರು ಗುಡ್ಡ ಹತ್ತಿರವಾದಾಗ ಅವನು ದೋಣಿ ನಿಲ್ಲಿಸಿ ನರಸಿಂಹ ದೇವರಿಗೆ ಕೈಮುಗಿದ. 2019ರ ಜನವರಿ 21ರಂದು ಇಲ್ಲಿಯ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ವಿಷಯ ಎತ್ತಿದೆ. ‘ಆ ದಿನ ನಾನೂ ದೋಣಿ ತಕ್ಕೊಂಡು ಹೋಗಿದ್ದೆ’ ಎಂದಷ್ಟೇ ಹೇಳಿ ಅವನು ನೀರಿನ ಕಡೆ ನೋಡಿದ. ಇನ್ನೇನೂ ಕೇಳುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ಅವನು ಬೆರಳು ಮಡಚಿ ಎಣಿಸಿದ ಬಗೆಯ ಅರ್ಥ ಮಾತ್ರ ತಿಳಿಯಿತು.

ನಮಗೆ ಡಾಲ್ಫಿನ್ ಕಾಣಲಿಲ್ಲ. ಮಗ ಮಂಕಾಗಿದ್ದ. ಮರಳುವಾಗ ಅವನು, ‘ಅಜ್ಜಾ, ನಿಮ್ಮ ದೋಣಿಗೆ ಹಾಯಿ ಯಾಕಿಲ್ಲ?’ ಎಂದು ಕೇಳಿದ. ಮುದುಕನಿಗೆ ಆ ಪ್ರಶ್ನೆ ಹಿಡಿಸಿತು. ತನ್ನ ಅಜ್ಜ ಹಾಯಿಯ ಮಚವೆಯಲ್ಲಿ ಸರಕು ಹೇರಿಕೊಂಡು ಮುಂಬಯಿಯವರೆಗೆ ಹೋಗುತ್ತಿದ್ದನೆಂದು ಹೇಳಿದ. ಎಂಜಿನ್ನು ಕೈಕೊಟ್ಟರೆ ಇರಲೆಂದು ದೋಣಿಯ ತಳದಲ್ಲಿ ಸುತ್ತಿಟ್ಟಿದ್ದ ತೇಪೆ ಹಚ್ಚಿದ ಬಟ್ಟೆಯೊಂದನ್ನು ಮಗನಿಂದ ತೆಗೆಸಿ ಗಳುವಿಗೆ ಕಟ್ಟಿಸಿದ. ಅಳಿವೆಯ ಕುದಿತ ದಾಟಿ ಒಳನೀರಿಗೆ ಬಂದ ಮೇಲೆ ಎಂಜಿನ್ನು ನಿಲ್ಲಿಸಿದ. ಬೆನ್ನ ಹಿಂದಿನಿಂದ ಬಂದ ಪಡುಗಾಳಿಗೆ ಆ ಬಟ್ಟೆ ಒಮ್ಮೆ ಪಟಪಟಿಸಿ, ಉಬ್ಬಿ ನಿಂತಿತು. ಸದ್ದೆಲ್ಲ ನಿಂತುಹೋಯಿತು. ಹಲಗೆಗೆ ತಾಗುವ ನೀರಿನ ಸಣ್ಣ ದನಿ, ದೂರದಲ್ಲಿ ಸದಾಶಿವಗಡದ ಗುಡ್ಡ, ಕಾಳಿಯ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿದ್ದಿತ್ತು. ಅದರ ಚಾಲಕ ಬದುಕಿದ. ಮಕ್ಕಳು ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಬಿಳಿಯ ವಿಹಾರನೌಕೆಯ ಚಿತ್ರವನ್ನು ಮಗ ಆಮೇಲೆ ನೆನೆಸಿಕೊಂಡದ್ದನ್ನು ನಾನು ಕೇಳಿಲ್ಲ.

ರಾತ್ರಿ ಊಟವಾದ ಮೇಲೆ ತಂದೆಯವರ ಬಳಿ ಕುಳಿತೆ. ತಂಡೇಲನ ಎದುರು ನಡೆದುಕೊಂಡ ರೀತಿಗೆ ಅವರಿಂದ ಬೈಗುಳ ಬರುತ್ತದೆಂದುಕೊಂಡಿದ್ದೆ. ಅವರು ಬೈಯಲಿಲ್ಲ. 1993ರ ಮಾತು ತೆಗೆದರು. ಸೆಪ್ಟೆಂಬರ್ 30ರ ಆ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರುಗಳ ಕಡೆ ಭೂಮಿ ನಡುಗಿದಾಗ ನನಗೆ ಹನ್ನೆರಡು ವರ್ಷ. ತಂದೆಯವರು ತಮ್ಮ ಜೊತೆಯ ಶಿಕ್ಷಕರೊಡನೆ ಸಾಸ್ತೂರಿಗೆ ಹೋಗಿ ಎಂಟು ದಿನ ಅಲ್ಲಿಯೇ ಇದ್ದರು. ‘ಭೂಮಿ ಒಂದು ಗಳಿಗಿ ಅಲುಗಾಡ್ತು. ಜೀವಾ ತಗೊಂಡದ್ದು ಅದಲ್ಲೋ. ಮಣ್ಣಿನಾಗ ಕಟ್ಟಿದ ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಎರಡೆರಡು ಮೊಳ ಮಣ್ಣು ಹಾಕಿದ ಮಾಳಿಗಿ. ಥಂಡಿ ಇರ್ತದ, ಹಿರ್ಯಾರು ಕಟ್ಯಾರ ಅಂತ ವರ್ಷಾ ವರ್ಷಾ ಇಷ್ಟಿಷ್ಟು ಮಣ್ಣು ಹಾಕ್ಕೋತ ಬಂದಿದ್ವಿ. ಯಾರಿಗೂ ಭಾರ ಅನಿಸಿದ್ದಿಲ್ಲ. ಇವತ್ತು ನೀನೂ ನಾಲ್ಕೇ ಮಂದಿ ಅಂದಿ’ ಎಂದರು. ನಮ್ಮ ಭಾಗದ ಸುಮಾರು ಹತ್ತು ಸಾವಿರ ಜನರನ್ನು ನುಂಗಿದ ಆ ರಾತ್ರಿಯ ಬಗ್ಗೆ ಅವರು ಇಷ್ಟು ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು.

ಈ ಲೇಖನ ಇಲ್ಲಿಗೆ ಮುಗಿಯಬಹುದಿತ್ತು. ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ಬೆಳಿಗ್ಗೆ ಮನೆಯ ಮುಂದೆ ಶಾಲೆಯ ಆಟೋ ಬಂದು ನಿಂತಿತು. ಮಗಳು ಹತ್ತಲಿಲ್ಲ. ಬಾಗಿಲಲ್ಲಿ ನಿಂತು ಬೆರಳು ಮಡಚತೊಡಗಿದಳು. ಮುಂದೆ ಚಾಲಕನ ಎರಡೂ ಮಗ್ಗುಲಿಗೆ ಇಬ್ಬರು, ಹಿಂದೆ ಸೀಟಿನ ಮೇಲೆ ನಾಲ್ವರು, ಎದುರಿನ ಹಲಗೆಯ ಮೇಲೆ ಮೂವರು. ಇವರಿಬ್ಬರು ಹತ್ತಿದರೆ ಹನ್ನೊಂದು. ‘ಅಪ್ಪಾ, ಇದರಾಗ ಎಷ್ಟು ಜನಕ್ಕ ಜಾಗಾ ಅದ?’ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆಟೋದ ಚಾಲಕ ನಕ್ಕು, ‘ಸಣ್ಣ ಹುಡುಗರಲ್ಲೇನವ್ವ, ಇಬ್ಬರು ಸೇರಿದರ ಒಬ್ಬರು’ ಎಂದ. ಕಾರವಾರದ ದಕ್ಕೆಯಲ್ಲಿ ನಾನು ಆಡಿದ ಮಾತು ಅಕ್ಷರಶಃ ನನ್ನ ಬಾಗಿಲಿಗೆ ಬಂದಿತ್ತು. ನಾಲ್ಕು ವರ್ಷದಿಂದ ದಿನವೂ ಆ ಆಟೋಕ್ಕೆ ಕೈಬೀಸುತ್ತ ಬಂದಿದ್ದ ನಾನು ಒಂದು ದಿನವೂ ಎಣಿಸಿರಲಿಲ್ಲ.

ಮುಂದಿನ ಭಾನುವಾರ ಆ ಆಟೋದ ಮಕ್ಕಳ ಪಾಲಕರೆಲ್ಲ ನಮ್ಮ ಮನೆಯಲ್ಲಿ ಸೇರಿದೆವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಎ ಕಲಮಿನ ಪ್ರಕಾರ ಹೆಚ್ಚಿನ ಪ್ರತಿ ಪ್ರಯಾಣಿಕನಿಗೆ ಇನ್ನೂರು ರೂಪಾಯಿ ದಂಡವಿದೆ, ಹೆಚ್ಚಿನವರನ್ನು ಇಳಿಸಿ ಅವರಿಗೆ ಬೇರೆ ವ್ಯವಸ್ಥೆ ಮಾಡುವವರೆಗೆ ಗಾಡಿಯನ್ನು ಬಿಡಕೂಡದು ಎಂದು ನಾನು ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಕೂಲಿಗೆ ಹೋಗುವ ಒಬ್ಬ ತಾಯಿ, ‘ಖರೇ ಅದ ವಕೀಲರೇ. ಎರಡು ಆಟೋ ಅಂದ್ರ ಎರಡು ಪಟ್ಟು ರೊಕ್ಕ. ಎಲ್ಲಿಂದ ತರೂಣು? ಆಟೋ ತಪ್ಪಿದರ ನನ್ನ ಮಗಳು ಮನ್ಯಾಗೇ ಉಳೀತಾಳ’ ಎಂದಳು. ದಂಡದ ಕಲಮು ಅವಳಿಗೆ ಉತ್ತರವಾಗಿರಲಿಲ್ಲ. ಕನ್ನಡ ಶಾಲೆಗೆ ಮಕ್ಕಳನ್ನು ದೂರದಿಂದ ಕಳಿಸುವ ನಮ್ಮ ಗಡಿಯ ಬಡ ಕುಟುಂಬಗಳ ಕಷ್ಟ ಅದು. ಒಂದು ಆಟೋ ನಿಂತರೆ ಶಾಲೆಯ ಹಾಜರಿಯಲ್ಲಿ ಎರಡು ಹೆಸರು ಕಡಿಮೆಯಾಗುತ್ತವೆ.

ಎರಡು ಗಂಟೆ ಮಾತಾಯಿತು. ಕೊನೆಗೆ, ಕೊಡಬಲ್ಲವರು ಹೆಚ್ಚು ಕೊಡುವುದು, ಉಳಿದವರು ಮೊದಲಿನಷ್ಟೇ ಕೊಡುವುದು ಎಂದು ಗೊತ್ತಾಯಿತು. ದೊಡ್ಡ ಹುಡುಗರಿಬ್ಬರು ಸೈಕಲ್ಲಿಗೆ ಒಪ್ಪಿದರು. ಈಗ ಎರಡು ಆಟೋ ಬರುತ್ತವೆ: ಒಂದರಲ್ಲಿ ಐವರು, ಇನ್ನೊಂದರಲ್ಲಿ ನಾಲ್ವರು. ಮೂರು ಸೀಟಿನ ಗಾಡಿಗೆ ಕಾಯಿದೆಯ ಲೆಕ್ಕದಲ್ಲಿ ಇದೂ ಹೆಚ್ಚೇ ಎಂಬುದು ನನಗೆ ಗೊತ್ತು. ಆದರೆ ಚಾಲಕನ ಮಗ್ಗುಲಿಗೆ ಯಾರೂ ಇಲ್ಲ, ಹೊರಗೆ ಕಾಲು ಚಾಚಿ ಯಾರೂ ಕೂಡುವುದಿಲ್ಲ. ಮೂರನೆಯ ಆಟೋದ ಮಾತು ಜೂನಿನಲ್ಲಿ ಮತ್ತೆ ತೆಗೆಯಬೇಕೆಂದಿದ್ದೇವೆ.

ಓದುಗ ಪಾಲಕರು ಮಕ್ಕಳನ್ನು ಒಮ್ಮೆ ಕಡಲಿಗೆ ಕರೆದೊಯ್ಯಿರಿ. ದೂರವೇನಲ್ಲ, ತುಳಜಾಪುರದ ದಾರಿಯೇ ಅಲ್ಲಿಗೆ ಮುಟ್ಟಿಸುತ್ತದೆ. ದೋಣಿ ಗೊತ್ತು ಮಾಡುವ ಮೊದಲು ಅದರ ಮಿತಿ ಎಷ್ಟು, ಮಕ್ಕಳ ಅಳತೆಯ ಜಾಕೆಟ್ಟು ಇದೆಯೇ ಎಂದು ಕೇಳಿರಿ. ಮಳೆಗಾಲದಲ್ಲಿ ಹೋಗಬೇಡಿರಿ. ತಂಡೇಲ ಬೇಡವೆಂದರೆ ಅವನೊಡನೆ ವಾದಿಸಬೇಡಿರಿ. ನಾನು ವಾದಿಸಿ ನೋಡಿದ್ದೇನೆ. ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿರಿ. ನಮ್ಮ ಮನೆಯಲ್ಲಿ ಅದು ಈಗ ಮಗಳ ಪಾಲಿಗೆ ಬಂದಿದೆ. ದಿನಾ ಬೆಳಿಗ್ಗೆ ಆಟೋದ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸಿ, ‘ಐದು’ ಎಂದು ನನಗೆ ಕೂಗಿ ಹೇಳಿದ ಮೇಲೆಯೇ ಅವಳು ಹತ್ತುತ್ತಾಳೆ.